ಬಳಸಿದವರ ಹೆಸರು

ತೀರಿಹೋದ ನನ್ನ ಗಂಡನ ಕಂಪ್ಯೂಟರಿನಿಂದ ರಾತ್ರಿ ಹತ್ತಕ್ಕೆ ಮತ್ತೆ ‘ಟಿಣ್’ ಎಂಬ ಸದ್ದು ಬಂತು.

“ಮಗ ಊಟಕ್ಕೆ ಕರೀತಿದಾನೆ, ಬಡಿಸಮ್ಮ,” ಎಂದರು ಅತ್ತೆ. ಅವನು ಹೋದಮೇಲೆ ಅನ್ನ ಬಿಟ್ಟಿದ್ದವರು, ಒಂದು ವಾರದಿಂದ ಈ ಸದ್ದು ಕೇಳಿದರೆ ಮಾತ್ರ ಊಟಕ್ಕೆ ಏಳುತ್ತಿದ್ದರು.

“ಬದುಕಿದ್ದಾಗ ಒಂದು ದಿನ ಕರೆದಿದ್ನೇನೆ?” ಎಂದು ಗೊಣಗಿದರು, ಕಂಪ್ಯೂಟರ್ ಮುಟ್ಟಲೂ ಹೆದರುವ ಮಾವ.

ನನಗೆ ಆ ಸದ್ದು ಸಾಕಾಗಿತ್ತು. ಎಲ್ಲರೂ ಮಲಗಿದ ಮೇಲೆ ತಮ್ಮನಿಗೆ ಫೋನ್ ಮಾಡಿದೆ.

“ಅದು ಹೊತ್ತಿಗೆ ಸರಿಯಾಗಿ ಸದ್ದು ಮಾಡೋ ರಿಮೈಂಡರ್. ಯಾರು ಇಟ್ಟಿರ್ತಾರೋ ಅವರ ಹೆಸರಿನ ಫೋಲ್ಡರಿನಲ್ಲೇ ಅಡಗಿರುತ್ತೆ ಅಕ್ಕಾ. ಭಾವನ ಫೋಲ್ಡರ್ ತೆಗೆದು ಅಳಿಸಿಬಿಡು.”

ಗಂಡನ ಫೋಲ್ಡರಿನಲ್ಲಿ ಅದು ಇರಲಿಲ್ಲ. ಇದ್ದದ್ದು ಅದರ ಕೆಳಗೆ, ಹೋದ ವಾರವಷ್ಟೇ ಮಾಡಿದ, ಮಾವನವರ ಹೆಸರಿನ ಫೋಲ್ಡರಿನಲ್ಲಿ. ಏನನ್ನೂ ಅಳಿಸದೆ ಮುಚ್ಚಿದೆ. ಯಾರಿಗೂ, ಮಾವನವರಿಗೂ, ಹೇಳಬಾರದೆಂದುಕೊಂಡೆ.