ಬಯ್ಯೂಮಿ ಬೀಸಿದ ಕೈ

ವಿಹಾರದ ಹಡಗು ಕಾಲುವೆಯಲ್ಲಿ ಕಂತರಾ ಊರು ದಾಟಿದ್ದೇ ತಡ, ನಬವಿಯ್ಯ ಕೈಯಲ್ಲಿದ್ದ ಚಹಾದ ಲೋಟವನ್ನು ನಾದಿನಿ ತಫೀದಾಳ ಕೈಗೆ ತುರುಕಿ, ಮೇಲ್ಮಹಡಿಯ ಬಲಗಡೆಯ ಕಂಬಿಗೆ ಹೋಗಿ ಅಂಟಿಕೊಂಡಳು. ಇನ್ನೆರಡು ಗಂಟೆಯಲ್ಲಿ ಇಸ್ಮಾಯಿಲಿಯಾ. ಅಲ್ಲಿ ಕಾಲುವೆಯ ದಂಡೆಯಲ್ಲೇ ಅವಳ ಮನೆ. ಮನೆಯಿಂದ ಹೊರಟು, ಕಾಲುವೆ ಶುರುವಾಗುವ ಪೋರ್ಟ್ ಸೈದಿಗೆ ಹೋಗಿ ಹಡಗು ಹತ್ತಿ, ಮತ್ತೆ ಅದೇ ಮನೆಯ ಮುಂದೆ ಹಾದುಹೋಗುವ ಹೆಂಗಸು ಆದಮನ ಕಾಲದಿಂದ ಇವಳೊಬ್ಬಳೇ ಇರಬೇಕು.

ಪಕ್ಕದ ಕುರ್ಚಿಯಲ್ಲಿ ಮನ್ಸೂರಾದ ಶಹ್ತಾ ಮೇಷ್ಟ್ರು. ಅವರ ಹೊಟ್ಟೆಗೇ ಬೇರೆ ಒಂದು ಟಿಕೆಟು ಕೊಡಬಹುದಿತ್ತು.

"ಅಲ್ಲಮ್ಮಾ, ನಿಮ್ಮೂರಲ್ಲಿ ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆಯೊಳಗೆ ನಾವು ಹೋಗ್ತಿರೋ ಹುರ್ಗಾದಾ. ನಿಮಗ್ಯಾಕೆ ಬೇಕಿತ್ತು ಈ ಹಡಗು?"

"ನಿಮಗ್ಯಾಕೆ ಬೇಕಿತ್ತು ಮೇಷ್ಟ್ರೇ?"

"ನಂದು ಬಿಡಿ. ಬಸ್ಸಲ್ಲಿ ನನ್ನ ಹೆಂಡ್ತಿ ಹಳ್ಳಿಗೊಂದ್ಸಲ ವಾಂತಿ ಮಾಡ್ಕೋತಾಳೆ. ನನ್ನ ಮಂಡಿ ಮಡಿಸಿದ್ರೆ ಬಿಚ್ಚಲ್ಲ, ಬಿಚ್ಚಿದ್ರೆ ಮಡಿಸೋಕಾಗಲ್ಲ. ಇಲ್ಲಿ ಪೆಟ್ಟಿಗೆ ಒಂದ್ಸಲ ಬಿಚ್ಚಿಟ್ರೆ ಮುಗೀತು. ನಾನು ಕೂತಲ್ಲೇ ಕೂತಿರ್ತೀನಿ, ಊರೂರೇ ಬಂದು ಸಲಾಂ ಹೊಡ್ಕೊಂಡು ಹೋಗುತ್ತೆ."

"ನಾನು ಬಂದಿರೋದು ಒಂದು ಸುಳ್ಳು ಹಿಡಿಯೋಕೆ."

"ಸುಳ್ಳು ಯಾರದ್ದು ಕೇಳಿ," ತಫೀದಾ ಮುಖ ಊದಿಸಿದಳು. "ನಮ್ಮಣ್ಣಂದಂತೆ. ಮಣ್ಣಾಗಿ ಎರಡು ವರ್ಷ ಆಯ್ತು, ಇನ್ನೂ ಅವನ ಬೆನ್ನು ಬಿಟ್ಟಿಲ್ಲ ನಮ್ಮತ್ತಿಗೆ."

ಆ ಅಣ್ಣ, ನಬವಿಯ್ಯಳ ಗಂಡ ಬಯ್ಯೂಮಿ, ಕಾಲುವೆಯಲ್ಲಿ ಹಗ್ಗದ ಕೆಲಸದವನು. ಬಂದ ಬಂದ ಹಡಗನ್ನೇರಿ, ನಿಲ್ಲಿಸಬೇಕಾಗಿ ಬಂದಾಗ ಅದನ್ನು ದಡಕ್ಕೆ ಕಟ್ಟುವುದು ಅವನ ಕೆಲಸ. ಮೂವತ್ತು ವರ್ಷ ಊಟಕ್ಕೆ ಕೂತಾಗೆಲ್ಲ ಅವನದು ಒಂದೇ ಮಾತು: "ಇವತ್ತೂ ಹಡಗಿಂದ ನಿನ್ನ ನೋಡ್ದೆ ಕಣೇ. ಮಾಳಿಗೆ ಮೇಲೆ ನೀನು ಬಟ್ಟೆ ಹರವ್ತಿದ್ದೆ. ನಾನು ಕೈ ಬೀಸ್ದೆ. ನೀನು ಕೈ ಎತ್ತಲೇ ಇಲ್ಲ." ಅವಳದೂ ಒಂದೇ ಉತ್ತರ: "ಅಷ್ಟು ದೂರದಿಂದ ಆನೇನೂ ಇರುವೆ ಥರ ಕಾಣುತ್ತೆ. ಹಗ್ಗದ ಸುರುಳಿ ಮೇಲೆ ಗೊರಕೆ ಹೊಡೆದು ಬಂದು ನನ್ನ ಮುಂದೆ ಬುರುಡೆ ಬಿಡ್ತೀಯಲ್ಲ!" ದಂಡೆಯ ಜನ ಹಡಗನ್ನು ತಲೆಯೆತ್ತಿ ನೋಡುವುದಿಲ್ಲ. ದಿನಕ್ಕೆ ಐವತ್ತು ಹಾಯುತ್ತವೆ; ನೊಣ ಹಾರಿತೆಂದು ಯಾರು ತಲೆಯೆತ್ತುತ್ತಾರೆ? ಕೊನೆಯ ಕಾಯಿಲೆಯಲ್ಲೂ ಬಯ್ಯೂಮಿ ಆ ಮಾತು ಬಿಡಲಿಲ್ಲ. ಅದು ಸುಳ್ಳಾಗಿದ್ದರೆ ನಬವಿಯ್ಯ ನಕ್ಕು, ಇನ್ನು ಮೇಲಾದರೂ ಹಾಯಾಗಿ ನಿದ್ದೆ ಮಾಡಬಹುದಿತ್ತು. ನಿಜವಾಗಿದ್ದರೆ?

"ಸೊಸೆಗೆ ಹೇಳಿ ಬಂದಿದೀಯಾ, ಈ ದಾರೀಲಿ ಬರ್ತೀವಿ ಅಂತ?" ತಫೀದಾ ಕೇಳಿದಳು.

"ಬಸ್ಸಲ್ಲಿ ಹೋಗ್ತೀನಿ ಅಂದಿದೀನಿ. ನಿಜ ಹೇಳಿದ್ರೆ ಸಬ್ರೀನ್ ಡೋಲು ಬಾರಿಸ್ಕೊಂಡು ಮಾಳಿಗೆ ಮೇಲೆ ನಿಂತಿರೋಳು. ಪರೀಕ್ಷೆ ಅಂದ್ರೆ ಪರೀಕ್ಷೆ."

ಹಡಗು ನಿಂತೇಬಿಟ್ಟಂತಿತ್ತು. ಸದ್ದಿಲ್ಲ, ಅಲುಗಾಟವಿಲ್ಲ, ಲೋಟದ ಚಹಾ ಕೂಡ ಕದಲುತ್ತಿರಲಿಲ್ಲ. ನಡೆಯುತ್ತಿದ್ದುದು ಭೂಮಿ. ಎಡಗಡೆ ಸೀನಾಯಿಯ ಮರಳು, ದಿಬ್ಬದ ಹಿಂದೆ ದಿಬ್ಬ, ಅಷ್ಟೂ ಎದ್ದು ಗುಳೆ ಹೊರಟಂತೆ ಹಿಂದಕ್ಕೆ ಸಾಗಿತ್ತು. ಬಲಗಡೆ ಮಾವಿನ ತೋಪು, ಮಸೀದಿಯ ಗೋಪುರ, ಮತ್ತೆ ತೋಪು. ದಂಡೆಯ ಮೇಲೆ ಕತ್ತೆಯೇರಿ ಹೊರಟ ಒಬ್ಬ ಮುದುಕ ಈ ಹತ್ತು ಮಹಡಿಯ ಪಟ್ಟಣಕ್ಕೆ ಸರಿಸಮನಾಗಿ ಬರುತ್ತಿದ್ದ. ಮೇಷ್ಟ್ರು "ಸುಭಾನಲ್ಲಾಹ್" ಎಂದು ಎದೆ ಮುಟ್ಟಿಕೊಂಡರು.

ನಬವಿಯ್ಯಳ ದನಿ ಮಾತ್ರ ಕುಗ್ಗಿತು. "ತಫೀದಾ, ಆ ಕತ್ತೆ ಕಿವಿ ಮೇಲಿರೋ ನೊಣಾನೂ ಕಾಣುತ್ತಲ್ಲೇ."

ತಫೀದಾ ಲೋಟ ಹಿಡಿದೇ ಕಂಬಿಗೆ ಬಂದು ಬಗ್ಗಿ ನೋಡಿದಳು.

ತೋಪು ಮುಗಿದು ಇಸ್ಮಾಯಿಲಿಯಾದ ಮನೆಗಳ ಸಾಲು ಬಂತು. ಅದರಲ್ಲಿ ಅವಳದೇ ಮಾಳಿಗೆ: ಪಾರಿವಾಳದ ಗೂಡು, ನೀರಿನ ನೀಲಿ ತೊಟ್ಟಿ, ಬಟ್ಟೆ ಒಣಹಾಕುವ ಹಗ್ಗ, ಹಗ್ಗದ ಮುಂದೆ ಕಾಲುವೆಗೆ ಬೆನ್ನು ಹಾಕಿ ಸಬ್ರೀನ್. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಅತ್ತೆಯ ಕರಿ ನಿಲುವಂಗಿಯನ್ನು ಕೊಡವುತ್ತಿದ್ದಳು. ಕೊಡವಿದಾಗ ಹಾರಿದ ನೀರ ಹನಿ ಕೂಡ ಬಿಸಿಲಿಗೆ ಮಿನುಗಿದ್ದು ಕಂಡಿತು.

ನಬವಿಯ್ಯಳ ಕೈ ತಾನಾಗಿ ಮೇಲೆದ್ದಿತು. ಬೀಸಿದಳು. ಎರಡೂ ಕೈ ಎತ್ತಿ ಬೀಸಿದಳು. "ತಿರುಗೇ, ಒಂದ್ಸಲ ತಿರುಗೇ!" ಸಬ್ರೀನ್ ಬಗ್ಗಿ ಇನ್ನೊಂದು ಬಟ್ಟೆ ಎತ್ತಿಕೊಂಡಳು.

"ಯಾರಮ್ಮಾ ಅದು?" ಮೇಷ್ಟ್ರು ಕೇಳಿದರು.

"ನಾನು," ಎಂದಳು ನಬವಿಯ್ಯ.

ಮೇಷ್ಟ್ರಿಗೆ ಏನು ಅರ್ಥವಾಯಿತೋ, ಕುರ್ಚಿಯನ್ನೂ ಎತ್ತಿಕೊಂಡೇ ಎದ್ದವರಂತೆ ಎದ್ದು ಕೈ ಬೀಸತೊಡಗಿದರು. ತಫೀದಾ ಲೋಟ ಕೆಳಗಿಟ್ಟು ಬೀಸಿದಳು. ಮೇಷ್ಟ್ರ ಹೆಂಡತಿ ಬೀಸಿದಳು. ಏನು ಎತ್ತ ಎಂದು ಕೇಳದೆ ಪಕ್ಕದವರು, ಅವರ ಪಕ್ಕದವರು, ಕೆಳಗಿನ ಮಹಡಿಯವರು, ಅದರ ಕೆಳಗಿನವರು, ಹಡಗಿನ ಬಲಗಡೆಗೆ ಬಲಗಡೆಯೇ ಕೈಯಾಗಿ ಎದ್ದಿತು. ಜನ ಕೇಕೆ ಹಾಕಿದ ರಭಸಕ್ಕೆ ಗೂಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಮೇಲಕ್ಕೆ ಹಾರಿದವು.

ಆಗ ಸಬ್ರೀನ್ ತಿರುಗಿದಳು. ಕಣ್ಣೆದುರು ಬಿಳಿಯ ಬೆಟ್ಟವೊಂದು ಸಾವಿರ ಕೈ ಬೀಸುತ್ತ ನಡೆದು ಹೋಗುತ್ತಿತ್ತು. ಅವಳು ಕೈ ಎತ್ತಲಿಲ್ಲ. ಇಷ್ಟು ಜನ ಯಾರನ್ನು ಕರೆಯುತ್ತಿದ್ದಾರೆ ಎಂದು, ತನ್ನ ಹಿಂದೆ ತಿರುಗಿ ನೋಡಿದಳು.