ಒಲ್ಲದ ಸಹಿ

ಬ್ಯಾಂಕಿನ ಯಂತ್ರ ಎರಡನೇ ಸಲವೂ ಚೆಕ್ಕನ್ನು ಹೊರಕ್ಕೆ ತಳ್ಳಿತು. ಮೇಲೆ ಅದೇ ಕೆಂಪು ಮುದ್ರೆ: "ಮನಸ್ಸಿಲ್ಲದೆ ಮಾಡಿದ ಸಹಿ."

"ಗಂಡನ ಕಾಲು ತೆಗೆಯೋ ಆಪರೇಷನ್ನಿಗೆ ಯಾರಿಗೆ ಸ್ವಾಮಿ ಮನಸ್ಸಿರುತ್ತೆ?" ಸರ್ವಮಂಗಳಾ ಕೌಂಟರಿಗೆ ಬಾಗಿ ಕೇಳಿದಳು. "ಇದು ಪಾಸಾಗದೆ ಆಸ್ಪತ್ರೆಯವರು ಮುಟ್ಟಲ್ಲ. ನಂಜು ಮೊಣಕಾಲಿಗೇರಿದೆ."

ಗುಮಾಸ್ತ ಜಯತೀರ್ಥನಿಗೆ ಇದು ದಿನವೂ ಕೇಳುವ ಮಾತು. "ಹಿಂದೆ ಚೆಕ್ಕು ಪಾಸಾಗೋಕೆ ಮೂರು ದಿನ ಹಿಡೀತಿತ್ತಮ್ಮ, ಆದ್ರೆ ಸಹಿ ಹೋಲಿದ್ರೆ ಸಾಕಿತ್ತು. ಈಗ ಕ್ಷಣದಲ್ಲಿ ಆಗುತ್ತೆ, ಮನಸ್ಸು ನೋಡುತ್ತೆ ಅಷ್ಟೆ. ಆ ಬೆಂಚಲ್ಲಿ ಕೂತು ಏನಾದ್ರೂ ಖುಷಿಯಾದದ್ದು ನೆನೆಸ್ಕೊಳ್ಳಿ, ಹಾಗೇ ಸಹಿ ಹಾಕಿಬಿಡಿ. ಎಲ್ರೂ ಅದನ್ನೇ ಮಾಡೋದು."

ಬೆಂಚಿನ ಮೇಲೆ ಆಗಲೇ ಕೆಲವರು ಕಣ್ಣು ಮುಚ್ಚಿ, ಬಲವಂತದ ನಗು ಹೊತ್ತು ಕೂತಿದ್ದರು. ಸರ್ವಮಂಗಳಾ ಅವರ ನಡುವೆ ಜಾಗ ಮಾಡಿಕೊಂಡು, ಪುಸ್ತಕದಲ್ಲಿ ಉಳಿದಿದ್ದ ಕೊನೆಯ ಚೆಕ್ಕನ್ನು ತೊಡೆಯ ಮೇಲಿಟ್ಟುಕೊಂಡಳು.

ಮದುವೆಯಾದ ಹೊಸತು. ಹರಿಹರದ ಬಸ್ಸು ಹೊರಟುಬಿಟ್ಟಿತ್ತು. ಕಿಟಕಿಯಲ್ಲಿದ್ದ ಅವಳ ಕೈಗೆ ಮಲ್ಲಿಗೆ ಕೊಡಲೆಂದು ಗಂಡ ಪಂಚೆ ಎತ್ತಿ ಕಟ್ಟಿ ಬಸ್ಸಿನ ಜೊತೆಗೇ ಓಡಿ ಬರುತ್ತಿದ್ದ. ಅವಳಿಗೆ ನಗು ಬಂತು. ಆ ನಗುವಿನಲ್ಲೇ ಪೆನ್ನು ಊರಿದಳು.

ಅವನು ಇನ್ನೂ ಓಡುತ್ತಲೇ ಇದ್ದ, ಎರಡೂ ಕಾಲುಗಳಲ್ಲಿ.

ಪೆನ್ನು ಅರ್ಧ ಹೆಸರಿಗೆ ನಿಂತಿತು.