ಬಿರುಕಿನ ಮೇಲಿನ ಗಾಜು

ಹಾಲಿನ್ಸ್ ಸಾಹೇಬರು ಸೇತುವೆಯ ಕಮಾನಿನ ಪಕ್ಕ ಬಗ್ಗಿ ನೋಡುತ್ತಿದ್ದಷ್ಟು ಹೊತ್ತೂ ವಿಲ್ಫ್ರೆಡ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಆರು ವಾರದ ಹಿಂದೆ ಕಾಲುವೆ ಕಚೇರಿಯ ಈ ಎಂಜಿನಿಯರೇ ಇಟ್ಟಿಗೆಯ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಲ್ಲಿ ಕೂರಿಸಿ ಹೋಗಿದ್ದರು. ಗಾಜು ಒಡೆದಿದ್ದರೆ ಕಮಾನು ಜರುಗುತ್ತಿದೆ ಎಂದರ್ಥ, ಸೇತುವೆ ಮುಚ್ಚಬೇಕು. ಹುಲ್ಲುಗಾವಲು ಆಚೆ ದಡದಲ್ಲಿ, ಹಾಲು ಕರೆಯುವ ಕೊಟ್ಟಿಗೆ ಈಚೆ. ಮುಚ್ಚಿದರೆ ನಲವತ್ತು ಹಸುಗಳನ್ನು ದಿನಕ್ಕೆರಡು ಸಲ ಮೂರು ಮೈಲಿ ಸುತ್ತಿಸಬೇಕು.

“ಗಾಜಿಗೆ ಏನೂ ಆಗಿಲ್ಲ ಕಣಯ್ಯಾ,” ಎಂದು ಸಾಹೇಬರು ಬರೆಯಲು ಪುಸ್ತಕ ತೆರೆದರು.

“ನಾನ್ ಹೇಳ್ಲಿಲ್ವಾ!” ಆಚೆ ದಡದಿಂದ ಅಪ್ಪ ಜೆತ್ರೋ ಕೂಗಿದ. ಸಂಜೆಯ ಹಾಲಿಗೆ ಹಸುಗಳನ್ನು ಹೊಡೆದುಕೊಂಡು ಆಗಲೇ ಸೇತುವೆಯ ಬಾಯಿಗೆ ಬಂದಿದ್ದ. “ನಮ್ಮಜ್ಜನ ಅಜ್ಜನ ಕಾಲದ್ದು ಇದು. ಇವರ ಕಚೇರಿ ಬಿದ್ರೂ ಇದು ಬೀಳಲ್ಲ! ಬರ್ದಿದ್ದು ಸಾಕು, ಇವಕ್ಕೆ ಕೆಚ್ಚಲು ಬಿರೀತಿದೆ!”

ವಿಲ್ಫ್ರೆಡ್ ತನ್ನ ಸಮಾಧಾನಕ್ಕೆಂದು ಗಾಜನ್ನೊಮ್ಮೆ ಮುಟ್ಟಿದ. ಅಂಚಿನ ಸಿಮೆಂಟು ಬೆರಳಿಗೆ ಮೆತ್ತಗೆ ಅಂಟಿತು. ಆರು ವಾರದ ಸಿಮೆಂಟು ಹೀಗೆ ಹಸಿಯಾಗಿರುವುದಿಲ್ಲ. ಒಡೆದ ಗಾಜನ್ನು ಯಾರೋ ಕಿತ್ತು, ಇವತ್ತೇ ಹೊಸದೊಂದನ್ನು ಕೂರಿಸಿದ್ದರು. ತಲೆಯೆತ್ತಿ ಅಪ್ಪನನ್ನು ನೋಡಿದ. ಅಪ್ಪ ಥಟ್ಟನೆ ಮುಖ ತಿರುಗಿಸಿ, ಮುಂದಿನ ಹಸುವಿನ ಬೆನ್ನು ತಟ್ಟಿ, ತಾನೇ ಮೊದಲು ಸೇತುವೆಯ ಮೇಲೆ ಕಾಲಿಟ್ಟ.

“ಅಲ್ಲೇ ನಿಲ್ಲಪ್ಪಾ!” ವಿಲ್ಫ್ರೆಡ್ ಕಿರುಚಿದ. ಗಾಜಿನ ಅಂಚಿಗೆ ಉಗುರು ಹಾಕಿ ಮೀಟಿದ. ಇಡೀ ಪಟ್ಟಿ ಅಂಗೈಗೆ ಬಂತು. ಅದನ್ನು ಸಾಹೇಬರ ತೆರೆದ ಪುಸ್ತಕದ ಮೇಲಿಟ್ಟ.